ಪ್ರೋಟೀನು ರಚನೆಗಳ ಭಂಡಾರ ಮತ್ತು ಪಾಠಶುದ್ಧಿ

ಗ್ರಂಥವನ್ನು ರಚಿಸುವುದು ಒಂದು ಕಾರ್ಯ. ರಚಿತವಾದುದನ್ನು ಕೆಡದಂತೆ ಕಾಪಾಡಿ, ಬೇಕಾದವರ ಕೈಗೆ ಶುದ್ಧರೂಪದಲ್ಲಿ ತಲುಪಿಸುವುದು ಇನ್ನೊಂದು ಕಾರ್ಯ. ಓಲೆಗರಿಗಳನ್ನು ಹುಳು ತಿನ್ನದಂತೆ ಕಾಯ್ದವರು, ಅವುಗಳನ್ನು ಪ್ರತಿ ಮಾಡಿದ ಲಿಪಿಕಾರರು, ಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ ಪಾಠವನ್ನು ನಿರ್ಣಯಿಸಿದ ಸಂಪಾದಕರು ಈ ಮೂವರ ಶ್ರಮವಿಲ್ಲದಿದ್ದರೆ ಹಳಗನ್ನಡ ಕಾವ್ಯಗಳು ಇಂದಿನ ಓದುಗರಿಗೆ ದೊರೆಯುತ್ತಿರಲಿಲ್ಲ. ಇದು ಸಾಹಿತ್ಯಕ್ಕೆ ಮಾತ್ರ ಸೇರಿದ ಕೆಲಸವೆಂದು ಭಾವಿಸುವವರುಂಟು. ಆದರೆ ಜೀವವಿಜ್ಞಾನದಲ್ಲಿಯೂ ಇಂಥದೇ ಒಂದು ಭಂಡಾರವಿದೆ. ಅಲ್ಲಿಯೂ ಪಾಠಾಂತರಗಳಿವೆ, ಗ್ರಂಥಪಾತಗಳಿವೆ, ಪಾಠಶುದ್ಧಿಯ ಹೊಣೆಯೂ ಇದೆ. ‘ಪ್ರೋಟೀನ್ ಡೇಟಾ ಬ್ಯಾಂಕ್’ ಎಂಬುದು ಅದರ ಹೆಸರು.

ದೇಹದ ಬಹುಪಾಲು ಕಾರ್ಯಗಳನ್ನು ನಡೆಸುವ ವಸ್ತುಗಳು ಪ್ರೋಟೀನುಗಳು. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು ಅಕ್ಷರಗಳಂತೆ ಸಾಲುಗೂಡಿ ಪ್ರೋಟೀನಿನ ಸರಪಳಿಯಾಗುತ್ತವೆ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನಿನಲ್ಲಿ ನಾಲ್ಕು ಸರಪಳಿಗಳುಂಟು. ಎರಡು ಆಲ್ಫಾ, ಎರಡು ಬೀಟಾ. ಆಲ್ಫಾ ಸರಪಳಿಯಲ್ಲಿ 141, ಬೀಟಾ ಸರಪಳಿಯಲ್ಲಿ 146 ಘಟಕಗಳಿವೆ. ಬೀಟಾ ಸರಪಳಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲಕ್ಕೆ ಬದಲಾಗಿ ವ್ಯಾಲೀನ್ ಬಂದರೆ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ವ್ಯಾಧಿಗೆ ಅದು ಮೂಲವಾಗುತ್ತದೆ. ಒಂದಕ್ಷರದ ಪಲ್ಲಟದಿಂದ ಅರ್ಥವೇ ಕೆಡುವುದೆಂಬುದಕ್ಕೆ ಪ್ರಕೃತಿಯಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಸರಪಳಿಯು ಹಾಗೆಯೇ ಚಾಚಿಕೊಂಡಿರದೆ ಮಡಿಚಿಕೊಂಡು ಒಂದು ಆಕಾರವನ್ನು ತಾಳುತ್ತದೆ. ಪ್ರೋಟೀನಿನ ಗುಣವನ್ನು ನಿರ್ಧರಿಸುವುದು ಈ ಆಕಾರ. ಹರಳುಗಟ್ಟಿಸಿದ ಪ್ರೋಟೀನಿನ ಮೇಲೆ ಎಕ್ಸ್ ಕಿರಣಗಳನ್ನು ಹಾಯಿಸಿ, ಅವು ಚದರಿದ ಬಗೆಯಿಂದ ಪರಮಾಣುಗಳ ಸ್ಥಾನವನ್ನು ಗಣಿಸುವ ವಿದ್ಯೆಯಿಂದ ಜಾನ್ ಕೆಂಡ್ರೂ 1958ರಲ್ಲಿ ಮಯೋಗ್ಲೋಬಿನ್ನಿನ ಆಕಾರವನ್ನು ಮೊದಲಿಗೆ ಕಂಡರು. ಹಿಮೋಗ್ಲೋಬಿನ್ನಿನ ರಚನೆಯನ್ನು ಕಂಡ ಮ್ಯಾಕ್ಸ್ ಪೆರುಟ್ಜ್ ಅವರೊಡನೆ 1962ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಅವರು ಹಂಚಿಕೊಂಡರು.

ಹೀಗೆ ಕಂಡ ರಚನೆಗಳನ್ನು ಒಂದೆಡೆ ಕೂಡಿಡಬೇಕೆಂಬ ಉದ್ದೇಶದಿಂದ 1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಈ ಭಂಡಾರವು ಸ್ಥಾಪಿತವಾಯಿತು. ಆಗ ಅದರಲ್ಲಿದ್ದುದು ಏಳು ರಚನೆಗಳು ಮಾತ್ರ. 2014ರಲ್ಲಿ ಅವುಗಳ ಸಂಖ್ಯೆ ಒಂದು ಲಕ್ಷವನ್ನೂ, 2023ರಲ್ಲಿ ಎರಡು ಲಕ್ಷವನ್ನೂ ದಾಟಿತು. 2003ರಿಂದ ಅಮೆರಿಕ, ಯುರೋಪ್ ಮತ್ತು ಜಪಾನಿನ ಕೇಂದ್ರಗಳು ಒಂದು ಕೂಟವಾಗಿ ಇದನ್ನು ಪೋಷಿಸುತ್ತಿವೆ.

ಭಂಡಾರದ ಹಳೆಯ ಬರಹಪದ್ಧತಿಯು ರಂಧ್ರಪತ್ರಗಳ ಕಾಲದ್ದು. ಪ್ರತಿ ಸಾಲಿಗೆ ಎಂಬತ್ತು ಮನೆಗಳು; ಪ್ರತಿ ಪರಮಾಣುವಿಗೆ ಒಂದು ಸಾಲು. 7ರಿಂದ 11ರವರೆಗಿನ ಮನೆಗಳಲ್ಲಿ ಕ್ರಮಸಂಖ್ಯೆ, 18ರಿಂದ 20ರವರೆಗೆ ಅಮೈನೋ ಆಮ್ಲದ ಹೆಸರು, 22ರಲ್ಲಿ ಸರಪಳಿಯ ಗುರುತು, 31ರಿಂದ 54ರವರೆಗೆ ಪರಮಾಣುವಿನ ಸ್ಥಾನವನ್ನು ತಿಳಿಸುವ ಮೂರು ಸಂಖ್ಯೆಗಳು. ಈ ಸಂಖ್ಯೆಗಳ ಮಾನ ಆಂಗ್‌ಸ್ಟ್ರಾಮ್. ಅದು ಒಂದು ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ. ಒಂದು ಮನೆ ಆಚೀಚೆ ಸರಿದರೂ, ಛಂದಸ್ಸಿನಲ್ಲಿ ಮಾತ್ರೆ ತಪ್ಪಿದಂತೆ, ಸಾಲಿನ ಅರ್ಥ ಕೆಡುತ್ತದೆ. ಕ್ರಮಸಂಖ್ಯೆಗೆ ಐದೇ ಮನೆಗಳಿದ್ದುದರಿಂದ 99,999ಕ್ಕೂ ಮಿಗಿಲಾದ ಪರಮಾಣುಗಳಿಗೆ ಒಂದೇ ಕಡತದಲ್ಲಿ ಎಡೆಯಿರಲಿಲ್ಲ. ರೈಬೋಸೋಮಿನಂಥ ಬೃಹದ್ರಚನೆಗಳನ್ನು ಹಲವು ಕಡತಗಳಾಗಿ ಒಡೆಯಬೇಕಾಯಿತು. ಈ ಕಾರಣದಿಂದ 2014ರಲ್ಲಿ ‘ಎಂಎಂಸಿಐಎಫ್’ ಎಂಬ ಹೆಚ್ಚು ವಿಶಾಲವಾದ ಪದ್ಧತಿಯು ಅಧಿಕೃತವಾಯಿತು.

ಇಷ್ಟು ಸಾಲುಗಳನ್ನು ಕಣ್ಣಿನಿಂದ ಓದಿ ಮುಗಿಸುವುದು ಮನುಷ್ಯಸಾಧ್ಯವಲ್ಲ. ಓದುವ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಲು ಅದಕ್ಕೆ ಅರ್ಥವಾಗುವ ಭಾಷೆಯೊಂದು ಬೇಕು. 1991ರಲ್ಲಿ ಗೀಡೊ ವಾನ್ ರಾಸಮ್ ಎಂಬ ಡಚ್ ವಿದ್ವಾಂಸರು ಲೋಕಕ್ಕಿತ್ತ ‘ಪೈಥಾನ್’ ಅಂಥ ಭಾಷೆಗಳಲ್ಲಿ ಒಂದು. ಪದೇ ಪದೇ ಬೇಕಾಗುವ ವಿಧಿಗಳನ್ನು ಮೊದಲೇ ಬರೆದು ಜೋಡಿಸಿಟ್ಟ ಸಂಗ್ರಹಕ್ಕೆ ಈ ಶಾಸ್ತ್ರದಲ್ಲಿ ‘ಲೈಬ್ರರಿ’ ಎಂದು ಹೆಸರು. ಜೀವವಿಜ್ಞಾನಕ್ಕಾಗಿ ಸಿದ್ಧವಾದ ‘ಬಯೋಪೈಥಾನ್’ ಎಂಬ ಲೈಬ್ರರಿಯಲ್ಲಿ ಪ್ರೋಟೀನು ರಚನೆಗಳಿಗೆ ಮೀಸಲಾದ ಒಂದು ವಿಭಾಗವಿದೆ.

ಈ ವಿಭಾಗವು ಕಡತವನ್ನು ಐದು ಅಂತಸ್ತುಗಳಾಗಿ ವಿಂಗಡಿಸುತ್ತದೆ: ರಚನೆ, ಮಾದರಿ, ಸರಪಳಿ, ಘಟಕ, ಪರಮಾಣು. ಗ್ರಂಥ, ಆಶ್ವಾಸ, ಪದ್ಯ, ಪದ, ಅಕ್ಷರ ಎಂಬ ವಿಭಾಗವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಇಂಥ ಆಶ್ವಾಸದ ಇಂಥ ಪದ್ಯವೆಂದು ಹೇಳಿ ಒಂದು ಪದವನ್ನು ತೋರಿಸುವಂತೆ, ಇಂಥ ಸರಪಳಿಯ ಇಷ್ಟನೆಯ ಘಟಕದ ಪರಮಾಣುವನ್ನು ಒಂದೇ ಸಾಲಿನಲ್ಲಿ ಕರೆಯಬಹುದು. ಒಂದು ಪರಮಾಣುವಿನಿಂದ ಇನ್ನೊಂದನ್ನು ಕಳೆಯುವ ಚಿಹ್ನೆಯನ್ನಿಟ್ಟರೆ ಅವೆರಡರ ನಡುವಣ ದೂರವೇ ಉತ್ತರವಾಗಿ ಬರುತ್ತದೆ.

ಪಾಠಾಂತರದ ವಿಷಯದಲ್ಲಿ ಈ ಲೈಬ್ರರಿಯ ನಡೆ ಗ್ರಂಥಸಂಪಾದಕರು ಮೆಚ್ಚುವಂಥದು. ಹರಳಿನೊಳಗೆ ಕೆಲವು ಪರಮಾಣುಗಳು ಎರಡು ಸ್ಥಾನಗಳಲ್ಲಿ ಕಾಣಿಸುತ್ತವೆ. ಪ್ರತಿಯೊಂದು ಸ್ಥಾನಕ್ಕೂ ಎಷ್ಟು ಪಾಲೆಂಬುದನ್ನು ಕಡತವು ನಮೂದಿಸುತ್ತದೆ. ಹೆಚ್ಚಿನ ಪಾಲುಳ್ಳುದನ್ನು ಮುಖ್ಯಪಾಠವಾಗಿ ಮುಂದಿಟ್ಟರೂ ಮತ್ತೊಂದನ್ನು ಅಳಿಸದೆ, ಅಡಿಟಿಪ್ಪಣಿಯಲ್ಲಿಟ್ಟಂತೆ, ಲೈಬ್ರರಿಯು ಉಳಿಸಿಕೊಳ್ಳುತ್ತದೆ. ಕೆಲವು ಭಾಗಗಳು ಸದಾ ಅಲುಗಾಡುವುದರಿಂದ ಕಾಣುವುದೇ ಇಲ್ಲ, ಅವು ಗ್ರಂಥಪಾತಗಳು. ಅಲ್ಲಿ ಸರಪಳಿಯನ್ನು ಕಲ್ಪಿಸಿ ಬೆಸೆಯದೆ, ತುಂಡುತುಂಡಾಗಿಯೇ ತೋರಿಸಲಾಗುತ್ತದೆ. ಬರಹದಲ್ಲಿ ದೋಷ ಕಂಡಾಗ ಎಚ್ಚರಿಕೆ ಕೊಟ್ಟು ಓದನ್ನು ಮುಂದುವರಿಸುವ ಸೌಮ್ಯಮಾರ್ಗವೂ, ಅಲ್ಲಿಯೇ ನಿಲ್ಲಿಸುವ ಕಠಿಣಮಾರ್ಗವೂ ಇದರಲ್ಲಿವೆ. ಭಂಡಾರವು ವಾರಕ್ಕೊಮ್ಮೆ ಹೊಸದಾಗುತ್ತದೆ. ಹೊಸವು, ತಿದ್ದಿದವು, ರದ್ದಾದವು ಎಂಬ ಮೂರು ಪಟ್ಟಿಗಳನ್ನು ಲೈಬ್ರರಿಯು ತರಿಸಿಕೊಂಡು ತನ್ನೊಡೆಯನ ಸಂಗ್ರಹವನ್ನು ಸರಿಪಡಿಸುತ್ತದೆ. ರದ್ದಾದುದನ್ನು ಸುಡದೆ ಬೇರೆ ಕಪಾಟಿನಲ್ಲಿಡುತ್ತದೆ.

ರಚನೆಯ ಶುದ್ಧಿಯನ್ನು ಪರೀಕ್ಷಿಸುವ ಒರೆಗಲ್ಲು ಭಾರತದಲ್ಲಿ ಸಿದ್ಧವಾಯಿತೆಂಬುದು ಅಭಿಮಾನದ ವಿಷಯ. ಮದರಾಸು ವಿಶ್ವವಿದ್ಯಾಲಯದಲ್ಲಿದ್ದ ಜಿ. ಎನ್. ರಾಮಚಂದ್ರನ್ ಅವರು ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರೊಡಗೂಡಿ 1963ರಲ್ಲಿ ಒಂದು ನಕ್ಷೆಯನ್ನು ಪ್ರಕಟಿಸಿದರು. ಸರಪಳಿಯ ಪ್ರತಿ ತಿರುವಿನಲ್ಲಿಯೂ ಎರಡು ಕೋನಗಳುಂಟು. ಪರಮಾಣುಗಳು ಒಂದನ್ನೊಂದು ಒತ್ತದಂತೆ ಆ ಕೋನಗಳು ಯಾವ ಮಿತಿಯೊಳಗಿರಬೇಕೆಂಬುದನ್ನು ಆ ನಕ್ಷೆ ತೋರಿಸುತ್ತದೆ. ಇಂದಿಗೂ ಭಂಡಾರಕ್ಕೆ ಬರುವ ಪ್ರೋಟೀನು ರಚನೆಗಳನ್ನು ಈ ಒರೆಗೆ ಹಚ್ಚಲಾಗುತ್ತದೆ. ಬಯೋಪೈಥಾನ್ ಆ ಕೋನಗಳನ್ನು ಕ್ಷಣಮಾತ್ರದಲ್ಲಿ ಗಣಿಸಿಕೊಡುತ್ತದೆ. ಭಂಡಾರವು ಹುಟ್ಟಿದ 1971ರಲ್ಲಿಯೇ ರಾಮಚಂದ್ರನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತಶಾಸ್ತ್ರ ವಿಭಾಗವನ್ನು ಆರಂಭಿಸಿದರು.

ಆದರೆ ಯಂತ್ರವಿದ್ದ ಮಾತ್ರಕ್ಕೆ ವಿವೇಕವಿದ್ದಂತಾಗದು. 2001ರಲ್ಲಿ ಅಮೆರಿಕದ ಒಂದು ಪ್ರಯೋಗಶಾಲೆಯವರು ಜೀವಕೋಶದ ಪೊರೆಯಲ್ಲಿರುವ ಒಂದು ಪ್ರೋಟೀನಿನ ರಚನೆಯನ್ನು ಪ್ರಕಟಿಸಿ ಕೀರ್ತಿಯನ್ನು ಪಡೆದರು. 2006ರಲ್ಲಿ ಜ್ಯೂರಿಕ್ ನಗರದ ವಿದ್ವಾಂಸರು ಅದೇ ಕುಲದ ಬೇರೊಂದು ಪ್ರೋಟೀನಿನ ರಚನೆಯನ್ನು ಹೊರತಂದಾಗ ಎರಡಕ್ಕೂ ತಾಳೆಯಾಗಲಿಲ್ಲ. ಶೋಧಿಸಿದಾಗ, ಮೊದಲಿನವರು ಬಳಸಿದ ಗಣಕಕ್ರಮವೊಂದು ಅಂಕಿಗಳ ಎರಡು ಕಂಬಸಾಲುಗಳನ್ನು ಅದಲುಬದಲು ಮಾಡಿತ್ತೆಂಬುದು ತಿಳಿದುಬಂದಿತು. ಅದರಿಂದ ರಚನೆಯು ಕನ್ನಡಿಯ ಬಿಂಬದಂತೆ ಎಡಬಲವಾಗಿಬಿಟ್ಟಿತ್ತು. ಐದು ಸಂಶೋಧನ ಲೇಖನಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ವಂಚನೆಯ ಉದ್ದೇಶ ಅದರಲ್ಲಿರಲಿಲ್ಲ. ಇದ್ದುದು ಪರೀಕ್ಷಿಸದೆ ನಂಬಿದ ಒಂದು ಸಾಧನ ಮಾತ್ರ. ಐದು ವರ್ಷಗಳ ಕಾಲ ಅನ್ಯರೂ ಆ ಪಾಠವನ್ನೇ ಪ್ರಮಾಣವೆಂದು ತಿಳಿದಿದ್ದರು. ಆ ಪ್ರಯೋಗಶಾಲೆಯವರೇ ತಿದ್ದಿದ ರಚನೆಯನ್ನು 2007ರಲ್ಲಿ ಪ್ರಕಟಿಸಿದರೆಂಬುದನ್ನೂ ಇಲ್ಲಿ ಸ್ಮರಿಸುವುದು ನ್ಯಾಯ.

ಲಿಪಿಕಾರನು ತನಗೆ ಅರ್ಥವಾಗದ ಸ್ಥಳದಲ್ಲಿಯೂ ಕಂಡಂತೆ ಬರೆಯುತ್ತಾನೆ, ಯಂತ್ರವೂ ಅಷ್ಟೆ. ಕೊಟ್ಟ ವಿಧಿ ಶುದ್ಧವಾಗಿದ್ದರೆ ಲಕ್ಷ ಸಾಲುಗಳನ್ನೂ ಶುದ್ಧವಾಗಿ ಓದುತ್ತದೆ. ಅಶುದ್ಧವಾಗಿದ್ದರೆ ಲಕ್ಷ ಸಾಲುಗಳನ್ನೂ ಅಷ್ಟೇ ಶ್ರದ್ಧೆಯಿಂದ ಕೆಡಿಸುತ್ತದೆ. ಮತ್ತೊಂದು ಪ್ರತಿಯೊಡನೆ ಹೋಲಿಸಿ ನೋಡುವ ಹಳೆಯ ಪದ್ಧತಿಯೇ ಅಲ್ಲಿಯೂ ತಪ್ಪನ್ನು ಬಯಲಿಗೆ ತಂದಿತೆಂಬುದು ಗಮನಾರ್ಹ.

ಈ ಭಂಡಾರವೂ ಈ ಲೈಬ್ರರಿಯೂ ಶುಲ್ಕವಿಲ್ಲದೆ ಎಲ್ಲರಿಗೂ ತೆರೆದಿವೆ. ಗಣಕವೂ ಅಂತರ್ಜಾಲವೂ ಉಳ್ಳ ಗ್ರಾಮಾಂತರ ಶಾಲೆಯ ವಿದ್ಯಾರ್ಥಿಯು ಹಿಮೋಗ್ಲೋಬಿನ್ನಿನ ನಾಲ್ಕು ಸರಪಳಿಗಳನ್ನು ಎಣಿಸಬಲ್ಲನು, ಅಳೆಯಬಲ್ಲನು. ಸಾಧನವನ್ನು ಒದಗಿಸುವುದು ದಾನಿಗಳಿಂದ ಆಗುವ ಕೆಲಸ. ಬಂದ ಉತ್ತರವನ್ನು ಒಡನೆಯೇ ಒಪ್ಪದೆ ಮತ್ತೊಮ್ಮೆ ತಾಳೆ ನೋಡುವ ಅಭ್ಯಾಸವನ್ನು ಕಲಿಸುವುದು ಅಧ್ಯಾಪಕರಿಂದಲೇ ಆಗಬೇಕಾದ ಕೆಲಸ.