ಸಂತೋಷಕ್ಕಾಗಿ ಓದು: ಕನ್ನಡದ ಜನಪ್ರಿಯ ಮುದ್ರಣವೂ ನಮ್ಮ ತರಗತಿಯೂ



ನೀವು ಕಲಿಸುವ ಮಗು ಶಾಲೆಯ ಗೇಟು ದಾಟಿದೊಡನೆ ಅದರ ಕಣ್ಣಿಗೆ ಬೀಳುವ ಅಕ್ಷರಗಳು ಸಾಮಾನ್ಯವಾಗಿ ಕನ್ನಡದವಲ್ಲ. ಬಸ್ಸಿನ ಫಲಕ, ಪಡಿತರ ಚೀಟಿ, ಅಂಗಡಿಯ ಹೆಸರು, ಸಿನಿಮಾ ಪೋಸ್ಟರು ಎಲ್ಲವೂ ರಾಜ್ಯಭಾಷೆಯಲ್ಲಿರುತ್ತವೆ. ಕನ್ನಡವೆಂದರೆ ಪಠ್ಯಪುಸ್ತಕ, ಪಠ್ಯಪುಸ್ತಕವೆಂದರೆ ಪಾಠದ ಕೊನೆಯ ಪ್ರಶ್ನೆಗಳು, ಪ್ರಶ್ನೆಗಳೆಂದರೆ ಅಂಕಗಳು ಎಂಬ ಸರಪಳಿ ಮಗುವಿನ ಮನಸ್ಸಿನಲ್ಲಿ ಬಲುಬೇಗ ಬೆಸೆದುಕೊಳ್ಳುತ್ತದೆ. ಹತ್ತನೆಯ ತರಗತಿ ಮುಗಿದಾಗ ಆ ಸರಪಳಿಯೊಡನೆ ಕನ್ನಡವೂ ಕಳಚಿಬೀಳುತ್ತದೆ. ಯಾರೂ ಒತ್ತಾಯಿಸದೆ, ಯಾವ ಪರೀಕ್ಷೆಯೂ ಇಲ್ಲದೆ, ಕೇವಲ ಸಂತೋಷಕ್ಕಾಗಿ ಕನ್ನಡಿಗರು ಪುಸ್ತಕ ಹಿಡಿದದ್ದು ಹೇಗೆ ಎಂಬುದು ಈ ಘಟಕದ ವಿಷಯ. ಆ ಇತಿಹಾಸದ ಬಹುಭಾಗ ನಡೆದದ್ದು ಇಂದು ನಾವು ‘ಗಡಿ’ ಎಂದು ಕರೆಯುವ ಸೀಮೆಗಳ ಆಸುಪಾಸಿನಲ್ಲಿಯೇ.

ಅಚ್ಚು ಬರುವುದಕ್ಕೆ ಮೊದಲು ಓದು ಇರಲಿಲ್ಲವೆಂದಲ್ಲ. ಓದುವವನು ಒಬ್ಬ, ಕೇಳುವವರು ಊರಿನವರೆಲ್ಲ. ಜಗಲಿಯ ಮೇಲೆ ಜೈಮಿನಿ ಭಾರತವನ್ನೋ ಕುಮಾರವ್ಯಾಸನನ್ನೋ ರಾಗವಾಗಿ ಓದಿ ಅರ್ಥ ಹೇಳುತ್ತಿದ್ದರು. ಅಕ್ಷರ ಬಾರದ ರೈತನಿಗೂ ಕಥೆ ಬಾಯಿಪಾಠವಾಗಿರುತ್ತಿತ್ತು. ಮುದ್ರಣವು ಈ ಕೂಟವನ್ನು ಒಮ್ಮೆಗೇ ಚದುರಿಸಲಿಲ್ಲ. ಬಹುಕಾಲ ಅದಕ್ಕೆ ಸಾಮಗ್ರಿ ಒದಗಿಸಿತು.

1843ರಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಅಂದಿನ ಕೆನರಾ ಜಿಲ್ಲೆಯೊಳಗೆ ಕಾಸರಗೋಡೂ ಸೇರಿತ್ತು. ಮರುವರ್ಷ ಪತ್ರಿಕೆಯ ಮುದ್ರಣ ಬಳ್ಳಾರಿಗೆ ಹೋಯಿತು. ಹೆಸರು ‘ಕನ್ನಡ ಸಮಾಚಾರ’ವಾಯಿತು. ಆದವಾನಿ, ರಾಯದುರ್ಗಗಳು 1953ರವರೆಗೆ ಇದೇ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು ಎಂಬುದನ್ನು ಅಲ್ಲಿಯ ಅಧ್ಯಾಪಕರು ಮಕ್ಕಳಿಗೆ ತಪ್ಪದೆ ಹೇಳಬೇಕು. ಮೋಗ್ಲಿಂಗರ ಉದ್ದೇಶ ಧರ್ಮಪ್ರಚಾರ, ಅದರಲ್ಲಿ ಮುಚ್ಚುಮರೆಯಿಲ್ಲ. ಆದರೂ ದಾಸರ ಪದಗಳನ್ನು ಮೊದಲು ಸಂಗ್ರಹಿಸಿ ಅಚ್ಚಿಗೆ ತಂದವರು ಅವರೇ. ಜನರು ಹಾಡಿ ಸುಖಪಡುವುದನ್ನು ಅಚ್ಚು ಹಾಕಿದರೆ ಜನರು ಓದುತ್ತಾರೆ ಎಂಬ ಸರಳ ಸತ್ಯವು ಮುಂದಿನ ಪ್ರಕಾಶಕರಿಗೆಲ್ಲ ದಾರಿಯಾಯಿತು.

ಆ ದಾರಿಯಲ್ಲಿ ಎರಡು ಬಗೆಯ ಪುಸ್ತಕಗಳು ಬೆಳೆದವು. ಕರಾವಳಿಯಲ್ಲಿ ಯಕ್ಷಗಾನದ ಪ್ರಸಂಗ ಪುಸ್ತಕಗಳು. ಉಡುಪಿಯ ಪಾವಂಜೆ ಗುರುರಾಯರ ಪ್ರಕಾಶನ ಇದರಲ್ಲಿ ಪ್ರಸಿದ್ಧವಾದುದು. ಬಯಲುಸೀಮೆಯಲ್ಲಿ ಬಯಲಾಟ, ಸಣ್ಣಾಟ, ಪುರಾಣ, ತತ್ತ್ವಪದ, ಭಜನೆಯ ಹೊತ್ತಿಗೆಗಳು. ಗದಗಿನ ಶಾಬಾದಿಮಠ ಬುಕ್ ಡಿಪೋದ ಹೆಸರನ್ನು ಉತ್ತರ ಕರ್ನಾಟಕದಲ್ಲಿ ಕೇಳದವರು ವಿರಳ. ಇಂಥ ಪುಸ್ತಕಗಳು ಜಾತ್ರೆಯಲ್ಲಿ, ಸಂತೆಯಲ್ಲಿ, ಬಳೆ, ಬೆಂಡು, ಬತ್ತಾಸುಗಳ ಪಕ್ಕದಲ್ಲಿ ಮಾರಾಟವಾಗುತ್ತಿದ್ದವು. ತೆಳುವಾದ ಕಾಗದ, ದೊಡ್ಡ ಅಕ್ಷರ, ಬಣ್ಣದ ರಕ್ಷಾಪುಟ, ಕೈಗೆಟುಕುವ ಬೆಲೆ. ಸಾಹಿತ್ಯ ಚರಿತ್ರೆಗಳು ಇವುಗಳ ಬಗ್ಗೆ ಒಂದೆರಡು ಸಾಲು ಬರೆದು ಮುಂದೆ ಸಾಗುತ್ತವೆ. ಇದು ನ್ಯಾಯವಲ್ಲವೆಂದು ನನ್ನ ಎಣಿಕೆ. ಶಾಲೆಯ ಮೆಟ್ಟಿಲು ಹತ್ತದ ಎಷ್ಟೋ ಮಂದಿ ಅಕ್ಷರ ಕೂಡಿಸಲು ಕಲಿತದ್ದು ತಾವು ಕಟ್ಟಬೇಕಾದ ಪಾತ್ರದ ಮಾತು ಓದಿಕೊಳ್ಳುವುದಕ್ಕಾಗಿ.

ಪ್ರಸಂಗ ಪುಸ್ತಕದ ರಚನೆಯನ್ನು ಕಾಸರಗೋಡಿನ ಅಧ್ಯಾಪಕರು ಒಮ್ಮೆ ಬೋಧಕರ ಕಣ್ಣಿನಿಂದ ನೋಡಬೇಕು. ಪದ್ಯಗಳು ಅಚ್ಚಾಗಿರುತ್ತವೆ; ಮೇಲೆ ರಾಗ, ತಾಳಗಳ ಹೆಸರಿರುತ್ತದೆ. ಆದರೆ ಪಾತ್ರಧಾರಿ ಆಡುವ ಮಾತು, ಅಂದರೆ ‘ಅರ್ಥ’, ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಅರ್ಥಧಾರಿಯು ಆ ನಾಲ್ಕು ಸಾಲುಗಳಿಂದ ಹತ್ತು ನಿಮಿಷಗಳ ವಾದವನ್ನು ಸ್ವಂತವಾಗಿ ಕಟ್ಟುತ್ತಾನೆ. ಪುಸ್ತಕ ಅರ್ಧ ಹೇಳಿ ಉಳಿದರ್ಧವನ್ನು ಓದುಗನಿಗೆ ಬಿಡುತ್ತದೆ. ಕುಂಬಳೆ ಸೀಮೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾದ ರಾಮಾಯಣ ಪ್ರಸಂಗಗಳ ಒಂದು ಪದ್ಯವನ್ನು ಏಳನೆಯ ತರಗತಿಯ ಮಕ್ಕಳ ಮುಂದಿಟ್ಟು, ಒಬ್ಬನನ್ನು ವಾಲಿಯನ್ನಾಗಿಯೂ ಒಬ್ಬಳನ್ನು ರಾಮನನ್ನಾಗಿಯೂ ಮಾಡಿ, ತಾಳಮದ್ದಳೆಯ ರೀತಿಯಲ್ಲಿ ಕೂರಿಸಿ ಮಾತಾಡಿಸಿ ನೋಡಿ. ‘ಭಾವಾರ್ಥ ಬರೆಯಿರಿ’ ಎಂಬ ಪ್ರಶ್ನೆಗೆ ಎರಡು ಸಾಲು ಬರೆಯಲು ತಿಣುಕುವ ಮಗು ಅಲ್ಲಿ ವಾದ ಹೂಡುತ್ತದೆ. ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಮರಾಟಿಯನ್ನೋ ಆಡುವ ಮಗುವಾದರೂ ಆಟದ ಕನ್ನಡದ ಗತ್ತನ್ನು ಕಿವಿಯಲ್ಲಿ ತುಂಬಿಕೊಂಡೇ ಬಂದಿರುತ್ತದೆ.

ಇನ್ನು ಕಾದಂಬರಿ. ಮೈಸೂರು ಸಂಸ್ಥಾನದಲ್ಲಿ ಬಿ. ವೆಂಕಟಾಚಾರ್ಯರು ಸ್ವಪ್ರಯತ್ನದಿಂದ ಬಂಗಾಳಿ ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಅವರ ‘ದುರ್ಗೇಶನಂದಿನಿ’ 1885ರದು. ಕೋಟೆ, ಕುದುರೆ, ಪ್ರೇಮ, ಮಾರುವೇಷಗಳಿಂದ ತುಂಬಿದ ಆ ಕಥೆಗಳಿಂದ ಕನ್ನಡದಲ್ಲಿ ಕಾದಂಬರಿ ಓದುವ ಒಂದು ವರ್ಗವೇ ಹುಟ್ಟಿಕೊಂಡಿತು.

ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಸ್ಥಿತಿ ಬೇರೆಯಾಗಿತ್ತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಅಧ್ಯಾಪಕರಿಗೆ ಅದು ಅಪರಿಚಿತವೆನಿಸದು: ಕಚೇರಿಯ ಮಾತು ಮರಾಠಿ, ಕಲಿತವರ ಓದು ಮರಾಠಿ, ಮನೆಯ ಮಾತು ಮಾತ್ರ ಕನ್ನಡ. ಆ ನೆಲದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಡೆಪ್ಯುಟಿ ಚನ್ನಬಸಪ್ಪನವರು ಶೇಕ್ಸ್‌ಪಿಯರನ ಒಂದು ವಿನೋದ ನಾಟಕವನ್ನೂ ಕನ್ನಡಕ್ಕೆ ತಂದರು. ಶಾಲೆ ಕಟ್ಟುವವರಿಗೆ ನಗಿಸುವ ಪುಸ್ತಕವೂ ಬೇಕೆನಿಸಿತ್ತು!

ಆ ನೆಲದಲ್ಲಿ ಸಾಮಾನ್ಯ ಓದುಗರ ಸಮೂಹವನ್ನು ಬೆಳೆಸಿದವರು ನಮ್ಮ ವೃತ್ತಿಯವರೇ ಆದ ಒಬ್ಬ ಶಾಲಾ ಮಾಸ್ತರರು. ವೆಂಕಟೇಶ ತಿರಕೋ ಕುಲಕರ್ಣಿ ಎಂಬ ಹೆಸರಿನ ಅವರನ್ನು (1869–1942) ಊರಿನ ಹೆಸರಿನಿಂದ ಗಳಗನಾಥರೆಂದೇ ನಾಡು ಗುರುತಿಸಿತು. ಮರಾಠಿಯ ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ಅವರು ಕನ್ನಡಕ್ಕೆ ಇಳಿಸಿದರು. ವಿಜಯನಗರದ ಪತನವನ್ನು ಕುರಿತ ‘ಕನ್ನಡಿಗರ ಕರ್ಮಕಥೆ’ಯ ಮೂಲ ಆಪಟೆಯವರ ‘ವಜ್ರಾಘಾತ’. ಕನ್ನಡಿಗರು ತಮ್ಮ ಸಾಮ್ರಾಜ್ಯದ ಕಥೆಯನ್ನು ನೆರೆಯ ಭಾಷೆಯ ಮೂಲಕ ಪಡೆದು ಓದಿದರೆಂಬುದು ವಿಚಿತ್ರವಾದರೂ ಅವಮಾನದ ಸಂಗತಿಯಲ್ಲ. ಎರಡು ಭಾಷೆ ಬಲ್ಲವನಿಗೆ ಮಾತ್ರ ಸಾಧ್ಯವಾಗುವ ಲಾಭ ಅದು. ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆಯನ್ನೂ ಅವರು ಮನೆಮನೆಗೆ ಮುಟ್ಟಿಸಿದರು. ಪುಸ್ತಕದಂಗಡಿಗಳಿಲ್ಲದ ಕಾಲದಲ್ಲಿ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅವರ ಭಾಷೆ ಇಂದಿನ ಮಕ್ಕಳಿಗೆ ಭಾರವಾದೀತು. ತರಗತಿಯಲ್ಲಿ ಅವರ ಕಾದಂಬರಿ ಓದಿಸಬೇಕೆಂದು ನಾನು ಹೇಳುವುದಿಲ್ಲ. ಓದುಗನು ಪುಸ್ತಕದ ಬಳಿಗೆ ಬಾರದಿದ್ದಾಗ ಪುಸ್ತಕವನ್ನೇ ಓದುಗನ ಬಳಿಗೆ ಒಯ್ದ ಅವರ ರೀತಿಯನ್ನು ಮಾತ್ರ ಗಮನಿಸಿ.

1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿ ನಿಂತಿತು. ಅ.ನ.ಕೃ., ತ.ರಾ.ಸು., ತ್ರಿವೇಣಿಯವರ ಕಾದಂಬರಿಗಳು ಬಾಡಿಗೆ ಗ್ರಂಥಾಲಯಗಳಲ್ಲಿ ಕೈಯಿಂದ ಕೈಗೆ ಸಾಗಿ ಹಾಳೆ ಸಡಿಲುವಷ್ಟು ಓದಿಸಿಕೊಂಡವು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಹುಡುಗರು ಪಠ್ಯಪುಸ್ತಕದ ನಡುವೆ ಬಚ್ಚಿಟ್ಟು ಓದಿದರು. ಹಿರಿಯರು ಗದರಿದರು, ಮಾಸ್ತರರು ಕಿತ್ತುಕೊಂಡರು. ಕಾದಂಬರಿ ಓದಿದರೆ ಹೆಣ್ಣುಮಕ್ಕಳು ಕೆಡುತ್ತಾರೆಂಬ ಮಾತಂತೂ ಮನೆಮನೆಯಲ್ಲಿ ಕೇಳಿಬರುತ್ತಿತ್ತು. ಈ ಪುಸ್ತಕಗಳೆಲ್ಲ ಉತ್ತಮವೆಂದು ವಾದಿಸಬೇಕಾಗಿಲ್ಲ. ಎಷ್ಟೋ ಪುಸ್ತಕಗಳು ಅವಸರದ ಬರವಣಿಗೆಗಳು. ಆದರೆ ಸರಾಗವಾಗಿ, ತುಟಿ ಅಲುಗಿಸದೆ, ಪುಟದ ಮೇಲೆ ಪುಟ ಓದುವ ವೇಗವು ಅಂಥ ಪುಸ್ತಕಗಳಿಂದ ಬರುವಷ್ಟು ಸುಲಭವಾಗಿ ವ್ಯಾಕರಣದ ಅಭ್ಯಾಸದಿಂದ ಬರುವುದಿಲ್ಲ.

ಗಡಿಯ ತರಗತಿಗೆ ಎಲ್ಲಕ್ಕಿಂತ ಹತ್ತಿರದ ನಿದರ್ಶನ ‘ಚಂದಮಾಮ’. 1947ರಲ್ಲಿ ಮದರಾಸಿನಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭವಾದ ಈ ಮಾಸಪತ್ರಿಕೆ 1949ರಲ್ಲಿ ಕನ್ನಡದಲ್ಲಿಯೂ ಬಂತು. ತಮಿಳಿನಲ್ಲಿ ‘ಅಂಬುಲಿಮಾಮಾ’, ಮರಾಠಿಯಲ್ಲಿ ‘ಚಾಂದೋಬಾ’, ಮಲಯಾಳದಲ್ಲಿ ‘ಅಂಬಿಳಿ ಅಮ್ಮಾವನ್’. ಹೆಸರು ಬೇರೆಯಾದರೂ ಚಿತ್ರಗಳು ಅವೇ, ಕಥೆಗಳು ಬಹುಮಟ್ಟಿಗೆ ಅವೇ. ಹೆಗಲ ಮೇಲೆ ಬೇತಾಳನನ್ನು ಹೊತ್ತ ವಿಕ್ರಮನೂ ಅವನೇ. ರಾಯದುರ್ಗದ ಮಗುವಿಗೆ ತೆಲುಗಿನ ಓದು ಸುಲಭ, ಕನ್ನಡದ್ದು ಕಷ್ಟ ಎಂದಿಟ್ಟುಕೊಳ್ಳಿ. ಒಂದೇ ತಿಂಗಳ ಎರಡು ಸಂಚಿಕೆಗಳು ಸಿಕ್ಕರೆ ತೆಲುಗಿನಲ್ಲಿ ಕಥೆ ಓದಿದ ಮಗು ಅದೇ ಚಿತ್ರದ ಕೆಳಗಿನ ಕನ್ನಡವನ್ನು ಊಹೆಯ ಬಲದಿಂದ ಓದಬಲ್ಲದು, ಲಿಪಿಗಳಂತೂ ಅಕ್ಕತಂಗಿಯರು. ಪತ್ರಿಕೆ ಇಂದು ನಿಂತಿದೆ. ಆದರೆ ಹಳೆಯ ಪುಸ್ತಕದಂಗಡಿಗಳಲ್ಲಿ, ಓದಿದವರ ಮನೆಯ ಅಟ್ಟಗಳಲ್ಲಿ ಹಳೆಯ ಸಂಚಿಕೆಗಳು ಇನ್ನೂ ದೊರೆಯುತ್ತವೆ. ನೆರೆಭಾಷೆಯನ್ನು ಕನ್ನಡದ ಶತ್ರುವೆಂದು ಭಾವಿಸಿ ತರಗತಿಯಿಂದ ಹೊರಗಿಡುವ ಅಭ್ಯಾಸವುಳ್ಳವರು ಈ ಪ್ರಯೋಗವನ್ನು ಮೊದಲು ಮಾಡಬೇಕು.

ತರಬೇತಿಯ ನಿಮಿತ್ತ ಶಾಲೆಗಳಿಗೆ ಹೋದಾಗ ನಾನು ಮೊದಲು ಕೇಳುವುದು ಪುಸ್ತಕದ ಕಪಾಟಿನ ಬೀಗದ ಕೈಯನ್ನು. ಹಲವೆಡೆ ಅದು ಮುಖ್ಯೋಪಾಧ್ಯಾಯರ ಮೇಜಿನಲ್ಲಿರುತ್ತದೆ. ಪುಸ್ತಕ ಕಳೆದರೆ ದಾಸ್ತಾನು ವಹಿಗೆ ಯಾರು ಉತ್ತರ ಕೊಡಬೇಕೆಂಬ ಭಯ. ಭಯಕ್ಕೆ ಕಾರಣವಿಲ್ಲದಿಲ್ಲ. ಹಾಗಿದ್ದರೆ ವಹಿಗೆ ಸೇರದ ಪುಸ್ತಕಗಳ ಬೇರೊಂದು ಪೆಟ್ಟಿಗೆಯನ್ನು ಮಾಡಿರಿ: ದಾನವಾಗಿ ಬಂದ ಹಳೆಯ ಪತ್ರಿಕೆಗಳು, ಜಾತ್ರೆಯಲ್ಲಿ ಕೊಂಡ ಹೊತ್ತಿಗೆಗಳು, ಪ್ರಸಂಗಗಳು. ಹರಿದರೆ ಹರಿಯಲಿ. ದಿನದ ಕೊನೆಯ ಹದಿನೈದು ನಿಮಿಷ ಅಧ್ಯಾಪಕರೇ ಗಟ್ಟಿಯಾಗಿ ಓದಲಿ, ಕಥೆ ಬಿಗಿಯಾದ ತಿರುವಿನಲ್ಲಿ ಪುಸ್ತಕ ಮುಚ್ಚಲಿ. ಧಾರಾವಾಹಿ ಬರೆಯುವವರ ಹಳೆಯ ಉಪಾಯವಿದು. ಮರುದಿನದವರೆಗೆ ಕಾಯಲಾರದ ಮಗು ಪೆಟ್ಟಿಗೆಗೆ ಕೈ ಹಾಕಿದರೆ ತಡೆಯಬೇಡಿ. ಓದಿದ ಮೇಲೆ ನೀತಿಯೇನೆಂದು ಕೇಳುವುದೂ ಬೇಡ, ಸಾರಾಂಶ ಬರೆಸುವುದೂ ಬೇಡ.

ಮುಂದಿನ ಸಂಕುಲ ಸಭೆಗೆ ಬರುವ ಮೊದಲು ಮಕ್ಕಳಿಗೆ ಒಂದು ಕೆಲಸ ಹಚ್ಚಿರಿ. ಮನೆಯ ಅಜ್ಜಿ, ಅಜ್ಜ, ಅತ್ತೆ, ದೊಡ್ಡಪ್ಪ ಇವರಲ್ಲಿ ಯಾರಾದರೂ ಹಿಂದೆ ಖುಷಿಗಾಗಿ ಕನ್ನಡ ಪುಸ್ತಕ ಓದಿದ್ದುಂಟೋ, ಯಾವುದು, ಎಲ್ಲಿ ಸಿಕ್ಕಿತು, ಕದ್ದು ಓದಿದರೋ ಕೇಳಿಯೇ ಓದಿದರೋ ಎಂದು ವಿಚಾರಿಸಿ ಒಂದು ಪುಟ ಬರೆದು ತರಲಿ. ಅಕ್ಷರ ಬಾರದ ಅಜ್ಜಿಯಾದರೆ ಯಾರು ಓದಿ ಹೇಳುತ್ತಿದ್ದರೆಂದು ಕೇಳಲಿ. ಕಾಗುಣಿತವನ್ನು ತಿದ್ದದೆ ಆ ಹಾಳೆಗಳನ್ನು ಹಾಗೆಯೇ ಹೊಲಿದು ಸಭೆಗೆ ತನ್ನಿರಿ.