ಹಳೆ ಪೇಟಿ, ಹೊಸ ಕೈ

ಅಂತೂ ತಂದುಬಿಟ್ಟೆಯಲ್ಲ ತಮ್ಮಾ, ಭೇಷ್! ನಿನ್ನೆ ಸಂಜೆ ತಿಂಥಣಿ ಬ್ರಿಜ್ಜಿನ ಹತ್ತಿರ ನೀನು ಬಸ್ಸಿಳಿದದ್ದನ್ನು ಕಣ್ಣಾರೆ ನೋಡಿದೆ. ಬಟ್ಟೆಯ ಬ್ಯಾಗು ಕಂಡಕ್ಟರ್ ಕೈಯಲ್ಲಿತ್ತು, ಹಾರ್ಮೋನಿಯಂ ಪೇಟಿ ನಿನ್ನ ಎದೆಯ ಮೇಲಿತ್ತು. ಕೌದಿ ಸುತ್ತಿ, ಹಗ್ಗ ಬಿಗಿದು, ಹಸುಗೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡಿದ್ದೆ. ಮುಖದ ಮೇಲೆ ಮದುಮಗನ ಕಳೆ.

ಹದಿನಾಲ್ಕು ವರ್ಷದ ಆಸೆ ಅದು. ಭಾರತ ಹುಣ್ಣಿಮೆಗೆ ಮೌನೇಶ್ವರನ ಜಾತ್ರೆ. ನೀನಾಗ ಹನ್ನೆರಡರ ಹುಡುಗ. ಓರಗೆಯವರೆಲ್ಲ ಬೆಂಡು ಬತ್ತಾಸಿನ ಅಂಗಡಿ ಮುಂದೆ ನಿಂತಿದ್ದರೆ ನೀನು ಭಜನೆಯ ಪೇಟಿ ಮಾಸ್ತರರ ಮಗ್ಗುಲಿಗೆ ಬೆಳತನಕ ಕೂತಿದ್ದೆ. ಅವರು ಕರಿ ಎರಡರಲ್ಲಿ ಸಾ ಹಿಡಿದಾಗ ತೆರೆದ ಬಾಯಿ ನೀನು ಮುಚ್ಚಲೇ ಇಲ್ಲ. 'ಮುತ್ಯಾ, ನನಗೂ ಇಂಥದೇ ಬೇಕು' ಅಂದೆ. ಅಂಗಡಿಯ ಹೊಸ ಪೇಟಿ ಕೊಡಿಸುತ್ತೇನೆ ಅಂದ ನಿಮ್ಮಪ್ಪನಿಗೆ ತಲೆ ಅಲ್ಲಾಡಿಸಿದೆ. ನಿನಗೆ ಬೇಕಾದದ್ದು ಪ್ಯಾರಿಸ್ ರೀಡಿನ ಹಳೆ ಪೇಟಿ. ಬೆಂಗಳೂರಿನ ನಿನ್ನ ರೂಮಿನ ಗೆಳೆಯ ಹಳೆಯ ಎಲೆಕ್ಟ್ರಿಕ್ ಗಿಟಾರಿಗೆ ಹೀಗೇ ಜೀವ ಬಿಡುತ್ತಾನೆ ಎಂದು ಹೇಳಿದ್ದೆಯಲ್ಲ, 1954ರಲ್ಲಿ ಅಮೆರಿಕದಲ್ಲಿ ಬಂದ ಸ್ಟ್ರಾಟೊಕ್ಯಾಸ್ಟರ್ ಅಂತೇನೋ. ಅವನಿಗೂ ಈ ಮಾತು ಹೇಳು. ತಂತಿ ಇರಲಿ, ರೀಡು ಇರಲಿ, ಹಳೆ ವಾದ್ಯದ ಪಾಡು ಒಂದೇ.

ಇವತ್ತು ಬೆಳಿಗ್ಗೆ ಏನು ಮಾಡಿದೆ ನೀನು? ಒಂದು ಸಾ ಬಾರಿಸುವ ಮೊದಲೇ ಫೋಟೊ ಹೊಡೆದು ಸ್ಟೇಟಸ್ಸಿಗೆ ಹಾಕಿದೆ. ಆಮೇಲೆ ನನ್ನ ಪೆಟ್ಟಿಗೆಯಿಂದ ಸ್ಕ್ರೂಡ್ರೈವರ್ ಕೇಳಿದೆ. ಮೊಬೈಲಿನಲ್ಲಿ ಪಟ್ಟಿ ಬೇರೆ ಬರೆದುಕೊಂಡಿದ್ದೀ: ಪಾಲಿಶ್ ಹೊಡೆಸಬೇಕು, ಕಲೆ ತೆಗೆಸಬೇಕು, ಸವೆದ ಪಟ್ಟಿಗಳನ್ನು ಬದಲಿಸಬೇಕು, ಶ್ರುತಿ ಸರಿ ಮಾಡಿಸಬೇಕು. ಇದಕ್ಕೇ ನಾನು ಕೂಗಿ ಕೂರಿಸಿದ್ದು. ಸ್ಕ್ರೂಡ್ರೈವರ್ ಕೊಡುವುದಿಲ್ಲ. ಒಂದು ಮಳೆಗಾಲ, ಒಂದು ಬೇಸಿಗೆ ಆ ಪೇಟಿಯನ್ನು ಇದ್ದ ಹಾಗೆ ಬಾರಿಸು. ಬಿಚ್ಚುವ ಮಾತು ಆಮೇಲೆ.

ಯಾಕೆ ಅಂತ ಕೇಳು. ನಾನು ಬಡಿಗ. ಮೌನೇಶ್ವರನ ಗುಡಿಯ ಊರಲ್ಲಿ ಹುಟ್ಟಿ, ಉಳಿ ಹಿಡಿದೇ ಮುದುಕನಾದವನು. ಪೇಟಿ ಬರೀ ಬಡಿಗನ ಕೆಲಸವಲ್ಲ. ಮೇಲಿನ ಸಾಗವಾನಿ ಬಡಿಗನದು, ಹಿತ್ತಾಳೆಯ ರೀಡು ಕಂಚುಗಾರನದು, ಪಟ್ಟಿಯನ್ನು ಮೇಲೆತ್ತುವ ಸ್ಪ್ರಿಂಗು ಕಂಬಾರನದು. ಇನ್ನು ತಿದಿ, ಅದು ಕುಲುಮೆಯಿಂದಲೇ ಬಂದಂತಿದೆ. ನಮ್ಮ ಕಸುಬಿನವರೆಲ್ಲ ಒಂದೇ ಪೆಟ್ಟಿಗೆಯೊಳಗೆ ಕೂತಿದ್ದಾರೆ. ಅದಕ್ಕೇ ಪೇಟಿ ಕಂಡರೆ ನನ್ನ ಕೈ ಕಡಿಯುತ್ತದೆ, ನಿನ್ನ ಕೈ ಕಡಿದಂತೆಯೇ. ಇಪ್ಪತ್ತೆರಡರ ವಯಸ್ಸಿನಲ್ಲಿ ಭಜನೆ ಮನೆಯ ಪೇಟಿಯೊಂದು ರಿಪೇರಿಗೆ ನನ್ನ ಹತ್ತಿರ ಬಂತು. ಪಂಚಮ ತುಸು ಏರಿದೆ ಅಂದರು. ನಾನು ರೀಡನ್ನು ಹೊರತೆಗೆದು, ಬುಡದಲ್ಲಿ ಅರದಿಂದ ಎರಡೆಳೆ ಎಳೆದೆ. ಶ್ರುತಿ ಇಳಿಯಿತು. ಇನ್ನೊಂದಿಷ್ಟು ಅಂತ ಮತ್ತೆರಡು ಎಳೆದೆ. ಅತಿಯಾಯಿತು. ಸರಿ, ತುದಿಯಲ್ಲಿ ಉಜ್ಜಿದರೆ ಏರುತ್ತದಲ್ಲ, ಅಲ್ಲೂ ಉಜ್ಜಿದೆ. ಹೀಗೆ ತುದಿಗೂ ಬುಡಕ್ಕೂ ಓಡಾಡಿ ಅರ್ಧ ತಾಸಿನಲ್ಲಿ ನಾಲಿಗೆ ಎಲೆಯಂತೆ ತೆಳ್ಳಗಾಯಿತು. ಆಮೇಲೆ ಅದು ಪಂಚಮಕ್ಕೇ ಬಂತು, ಖರೇ. ಆದರೆ ದನಿ ಹೋಗಿತ್ತು. ಸೊಳ್ಳೆ ಹಾಡಿದ ಹಾಗೆ ಗುಂಯ್ ಅನ್ನುತ್ತಿತ್ತು. ಆ ಭಜನೆ ಮನೆಯ ಹಿರಿಯರು ಒಂದು ಮಾತೂ ಬೈಯಲಿಲ್ಲ. ಪೇಟಿ ಹೊತ್ತುಕೊಂಡು ಹೋದರು. ಅದರ ಪಂಚಮ ಮುಂದೆ ಹತ್ತಾರು ವರ್ಷ ಪ್ರತಿ ಅಮವಾಸ್ಯೆ ನನ್ನ ಕಿವಿಗೆ ಬೀಳುತ್ತಿತ್ತು. ಈಗಲೂ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಉಜ್ಜಿ ತೆಗೆದ ಹಿತ್ತಾಳೆ ಮತ್ತೆ ಕೂಡುವುದಿಲ್ಲ ತಮ್ಮಾ. ಹೆರೆದ ಮರವೂ ಅಷ್ಟೆ. ತಿದಿಯ ಚರ್ಮ ಹರಿದಿದೆಯಾ, ಬದಲಿಸು, ಬೇಡವೆನಿಸಿದರೆ ಕಿತ್ತು ಬೇರೆ ಅಂಟಿಸಬಹುದು. ಪಟ್ಟಿಯಡಿ ಇಲಿ ಗೂಡು ಕಟ್ಟಿದೆಯಾ, ತೆಗೆದು ಒಗೆ. ತಿದಿಯನ್ನು ಪೂರ್ತಿ ತುಂಬಿ, ಸ್ಟಾಪರ್ ಎಲ್ಲ ಮುಚ್ಚಿ, ಕೈ ಬಿಟ್ಟು ನೋಡು. ಎಷ್ಟು ನಿಧಾನ ಗಾಳಿ ಇಳಿಯುತ್ತದೋ ಪೇಟಿ ಅಷ್ಟು ಗಟ್ಟಿ. ಇಂಥ ತಪಾಸಣೆ ಎಷ್ಟು ಬೇಕಾದರೂ ಮಾಡು. ಅರಕ್ಕೆ, ಉಳಿಗೆ, ಮರಳು ಕಾಗದಕ್ಕೆ ಮಾತ್ರ ಒಂದು ವರ್ಷ ರಜೆ.

ಮರಕ್ಕೂ ಊರು ಬದಲಿಸಿದರೆ ಒಗ್ಗುವುದಕ್ಕೆ ದಿನ ಬೇಕು. ನಿನಗಿಂತ ಮೊದಲು ಇದನ್ನು ಬಾರಿಸುತ್ತಿದ್ದ ಶಹಾಪುರದ ಕಡೆಯ ಮಾಸ್ತರರ ಮನೆಯಲ್ಲಿ ಈ ಪೇಟಿ 40 ಡಿಗ್ರಿ ದಾಟುವ ಬೇಸಿಗೆಗಳನ್ನು ಉಂಡಿದೆ. ಈಗ ಬೆಂಗಳೂರಿನ ನಿನ್ನ ಮೂರನೇ ಮಹಡಿಯ ರೂಮಿಗೆ ಹೊರಟಿದೆ. ಅಲ್ಲಿ ಜುಲೈ ಜಿಟಿಜಿಟಿಗೆ ಪಟ್ಟಿ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಒತ್ತಿದ್ದು ಮೇಲೆ ಬರುವುದಿಲ್ಲ. ಆಗ ನೀನು ಗಾಬರಿಬಿದ್ದು ಯಾರ ಕೈಗೋ ಕೊಟ್ಟು ಹೆರೆಸಿದೆಯೋ, ಮಾರ್ಚಿನಲ್ಲಿ ಮರ ಒಣಗಿ ಅದೇ ಪಟ್ಟಿ ಗಡಗಡ ಅಲ್ಲಾಡುತ್ತದೆ. ಉಬ್ಬಿದ್ದು ಇಳಿಯುತ್ತದೆ, ತಡಿ. ಗೋಡೆಗೆ ತಾಗಿಸಿ ಇಡಬೇಡ, ನೆಲಕ್ಕೂ ಇಡಬೇಡ, ಕಟ್ಟಿಗೆಯ ಮಣೆ ಮೇಲಿಡು. ಮೇಲೆ ನಿಮ್ಮವ್ವನ ಹಳೆ ಇಳಕಲ್ಲ ಸೀರೆ ಹೊದಿಸು, ಪ್ಲಾಸ್ಟಿಕ್ ಬೇಡ. ಚಹಾದ ಕಪ್ಪು ಅದರ ಮೇಲಿಟ್ಟದ್ದು ಕಂಡೆನೋ, ಮತ್ತೆ ಮಾತಾಡಿಸುವುದಿಲ್ಲ.

ಶ್ರುತಿಯ ಮಾತಿಗೆ ಬರೋಣ. ನಿನ್ನ ಮೊಬೈಲು ಈ ಪೇಟಿ ಇಳಿದಿದೆ ಅನ್ನುತ್ತದೆ. ನೀನು ಅದನ್ನು ನಂಬಿ ಮುಖ ಸಣ್ಣ ಮಾಡಿಕೊಂಡೆ. ಮೊಬೈಲು ಅಳೆಯುವುದು ಸೆಕೆಂಡಿಗೆ 440 ಕಂಪನದ ಲೆಕ್ಕದಲ್ಲಿ. ಫ್ರಾನ್ಸಿನಲ್ಲಿ 1859ರಲ್ಲಿ ಸರಕಾರವೇ ಗೊತ್ತು ಮಾಡಿದ ಶ್ರುತಿ 435. ನಡುವಿನ ಅಂತರ ಎಷ್ಟು? ಪಕ್ಕಪಕ್ಕದ ಬಿಳಿ-ಕರಿ ಪಟ್ಟಿಗಳ ನಡುವಿನ ದೂರದಲ್ಲಿ ಐದನೇ ಒಂದು ಪಾಲು. ಅಲ್ಲಿಂದ ಬಂದ ಹಳೆ ರೀಡು ನಿನ್ನ ಮೊಬೈಲಿಗೆ ಇಳಿದಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಇನ್ನು ಗಾಂಧಾರ ಬೇರೆ ತುಸು ಹೆಚ್ಚೇ ಇಳಿದಿದೆ ಅಂದೆ. ನಾನೂ ಕೇಳಿದೆ. ತಂಬೂರಿ ಹಿಡಿದು ಮತ್ತೆ ಕೇಳು. ತಂಬೂರಿಯ ಖರ್ಜದೊಳಗೆ ತಾನಾಗಿ ಮೂಡುವ ಗಾಂಧಾರವಿದೆಯಲ್ಲ, ಅದಕ್ಕೂ ಇದಕ್ಕೂ ಕೂದಲೆಳೆಯ ಬಿರುಕಿಲ್ಲ. ಮೊಬೈಲಿನ ಗಾಂಧಾರವೇ ಏರಿದ್ದು. ಹಿಂದಿನ ಮಾಸ್ತರರು ಯಂತ್ರವಿಲ್ಲದೆ, ಕಿವಿಯಿಂದ ಕೂಡಿಸಿಟ್ಟದ್ದು ಅದು. ಅದನ್ನು 'ಸರಿ' ಮಾಡಿಸಲು ಹೊರಟಿದ್ದೆ ನೀನು!

ಈ ವಾದ್ಯಕ್ಕೆ ತಪ್ಪು ಹಿಡಿಯುವುದು ಹೊಸದೇನಲ್ಲ. 1840ರ ದಶಕದಲ್ಲಿ ಪ್ಯಾರಿಸ್ಸಿನ ದೆಬೆಯ್ನ್ ಇದಕ್ಕೆ ಪೇಟೆಂಟ್ ಪಡೆದಾಗ ಅದು ಕುರ್ಚಿ ಮೇಲೆ ಕೂತು ಕಾಲಲ್ಲಿ ತುಳಿಯುವ ವಾದ್ಯ. ನೆಲದ ಮೇಲೆ ಕೂತು ಹಾಡುವ ನಮಗೆ ಒಗ್ಗುವಂತೆ, 1875ರ ಸುಮಾರಿಗೆ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದಕ್ಕೆ ಕೈತಿದಿ ಕೂರಿಸಿದರು. ನಮ್ಮ ನಾಟಕ ಕಂಪನಿಗಳವರು ಕಾಲ್ಪೇಟಿಯನ್ನೂ ಬಿಡಲಿಲ್ಲ ಅನ್ನು. ಆದರೆ ಪಂಡಿತರಿಗೆ ಇದರ ಮೇಲೆ ಮುನಿಸು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಇದರಲ್ಲಿ ಬರುವುದಿಲ್ಲ, ನಿಜ. 1940ರಲ್ಲಿ ಆಕಾಶವಾಣಿ ಇದಕ್ಕೆ ಬಾಗಿಲು ಹಾಕಿತು. ಮತ್ತೆ ತೆರೆದದ್ದು 1971ರಲ್ಲಿ, ಅದೂ ಪೂರ್ತಿಯಲ್ಲ. ಆ 31 ವರ್ಷ ನಮ್ಮ ಹಳ್ಳಿಗಳಲ್ಲಿ ಏನಾಯಿತು ಗೊತ್ತಾ? ಪೇಟಿ ಒಂದು ದಿನವೂ ನಿಲ್ಲಲಿಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದ ಅದರ ಮೇಲೆ, ದೊಡ್ಡಾಟ ಅದರ ಮೇಲೆ, ಸತ್ತವರ ಮನೆಯ ಜಾಗರಣೆಯ ಭಜನೆ ಅದರ ಮೇಲೆ. ಓದು ಬರಹ ಬಾರದ ಹುಡುಗರಿಗೆ ಆಟ ಕಲಿಸಿದ ಪೇಟಿ ಮಾಸ್ತರರು ಎತ್ತಿನ ಗಾಡಿಯಲ್ಲಿ ಊರೂರು ತಿರುಗಿದ್ದು ಆ ಕಾಲದಲ್ಲೇ. ನಿನ್ನ ಪೇಟಿ ಅಂಥವರದು. ಅದಕ್ಕೆ ಮೊಬೈಲಿನ ಸರ್ಟಿಫಿಕೇಟು ಬೇಕಾಗಿಲ್ಲ.

ನಿನ್ನೆ ಲಾಟೀನು ಹಿಡಿದು ಅದನ್ನು ಹತ್ತಿರದಿಂದ ನೋಡಿದೆ. ಕರಿ ಎರಡರ ಪಟ್ಟಿ ನಡುವೆ ತಗ್ಗು ಬಿದ್ದಿದೆ. ಬೆರಳಿಟ್ಟರೆ ತಾನಾಗಿ ಅಲ್ಲೇ ಕೂರುತ್ತದೆ. ತಿದಿಯ ಹಲಗೆಯ ಮೇಲೆ ಎಡಗೈಯ ನಾಲ್ಕು ಬೆರಳು ಊರಿದ ಕಡೆ ಮೆರುಗು ಹೋಗಿ ಬೆಲ್ಲದ ಬಣ್ಣ ಬಂದಿದೆ. ಆ ಗುರುತಿನ ಮೇಲೆ ನನ್ನ ಕೈಯಿಟ್ಟೆ. ನನ್ನದಕ್ಕಿಂತ ಸಣ್ಣ ಕೈ ಅವರದು. ಬಲಮೂಲೆಯ ಸಂದಿಯಲ್ಲಿ ಕುಂಕುಮ, ವಿಭೂತಿ ಗಟ್ಟಿಯಾಗಿ ಕೂತಿವೆ. ಎಷ್ಟು ಮಹಾನವಮಿಗಳ ಆಯುಧ ಪೂಜೆಯದೋ. ನಿನ್ನ ಪಟ್ಟಿಯಲ್ಲಿ 'ಕಲೆ ತೆಗೆಸಬೇಕು' ಅಂತ ಇದೆಯಲ್ಲ, ಅದು ಇದೇ. ಆ ಸಾಲು ಹೊಡೆದುಹಾಕು.

ಈಗ ಬಾರಿಸುವ ಮಾತು. ನೀನು ಚುರುಕು ಹುಡುಗ, ಬೆರಳು ಓಡುತ್ತವೆ, ನನಗೆ ಗೊತ್ತು. ಅದೇ ನಿನಗೆ ಕುತ್ತು. ಮೊದಲ ತಿಂಗಳು ಬೆರಳಿಗಿಂತ ಎಡಗೈಗೆ ಕೆಲಸ ಕೊಡು. ಒಂದೇ ಸಾ ಹಿಡಿದು, ದನಿ ಏರದಂತೆ ತಗ್ಗದಂತೆ, ಎಣ್ಣೆ ಹೊಯ್ದ ಹಾಗೆ ತಿದಿ ನಡೆಸು. ಬೆಳಗಾವಿಯ ಆರ್.ಕೆ. ಬಿಜಾಪುರೆ ಮಾಸ್ತರರು (1917–2010) ಪೇಟಿಯ ಸಾಥಿಗೇ ದೊಡ್ಡ ಹೆಸರಾದವರು. ಅವರ ಧ್ವನಿಮುದ್ರಣ ಹುಡುಕಿ ಕೇಳು. ಹಾಡುವವರ ಮೇಲೆ ಬೀಳದೆ ಜೊತೆಗೆ ನಡೆಯುವುದು ಹೇಗೆಂದು ತಿಳಿಯುತ್ತದೆ. ಮತ್ತೆ, ವಾರಕ್ಕೊಂದು ರಾತ್ರಿ ದೀಪ ಆರಿಸಿ ಬಾರಿಸು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಮಕ್ಕಳನ್ನು ಕೂರಿಸಿಕೊಂಡು ಕಲಿಸಿದರಲ್ಲ, ಗುರುಗಳಿಬ್ಬರಿಗೂ ಕಣ್ಣಿರಲಿಲ್ಲ. ಪಟ್ಟಿ ನೋಡುತ್ತ ಬಾರಿಸುವವನಿಗೆ ಕಿವಿ ತೆರೆಯುವುದು ತಡ. ಕತ್ತಲೆಯಲ್ಲಿ ಆ ಸವೆದ ತಗ್ಗು ನಿನಗೆ ದಾರಿ ತೋರಿಸುತ್ತದೆ.

ಮಾರುವವರು, ಕೊಳ್ಳುವವರು ನಿನ್ನ ಬೆನ್ನು ಹತ್ತುತ್ತಾರೆ, ಸ್ಟೇಟಸ್ ಹಾಕಿದ್ದೀಯಲ್ಲ. ಹಳೆ ರೀಡು ಬಿಚ್ಚಿಕೊಂಡು ಹೊಸ ಪೆಟ್ಟಿಗೆಗೆ ಕೂರಿಸಿಕೊಳ್ಳುವವರಿದ್ದಾರೆ. ಇಂಥವರಿಗೆ ಬಾಗಿಲಲ್ಲೇ ನೀರು ಕೊಟ್ಟು ಕಳಿಸು. ಪ್ಯಾರಿಸ್ ಅಂತ ಕೊರೆದದ್ದೆಲ್ಲ ಪ್ಯಾರಿಸ್ಸಿನದಲ್ಲ ಎನ್ನುವವರೂ ಬರುತ್ತಾರೆ. ಗುಜರಾತಿನ ಪಾಲಿತಾಣಾದಲ್ಲೂ ರೀಡು ಮಾಡುತ್ತಾರೆ, ಅದರಲ್ಲೂ ಒಳ್ಳೆಯವಿವೆ. ನಿನ್ನದರ ದನಿ ನನ್ನ ಕಿವಿಗೆ ತುಂಬಿ ಬಂತು. ಅಷ್ಟು ಸಾಕು, ಜಾತಿ ಕೇಳುತ್ತ ತಿರುಗಬೇಡ.

ಕೊನೆಗೆ, ನಿನಗೆ ಹಿಡಿಸದ ಮಾತೊಂದು. ಮಾಸ್ತರರ ಹೆಂಡತಿ ಹೇಳಿದ ರೇಟಿಗೆ ನೀನು ಎರಡು ಸಾವಿರ ಮುರಿದು ತಂದೆ ಎಂದು ರಾತ್ರಿ ಊಟಕ್ಕೆ ಕೂತಾಗ ಹೆಮ್ಮೆಯಿಂದ ಹೇಳಿದೆ. ನಿಮ್ಮಪ್ಪ ನಕ್ಕ. ನನಗೆ ರೊಟ್ಟಿ ಗಂಟಲಲ್ಲಿ ನಿಂತಿತು. ಗಂಡ ಹೋದ ಮೇಲೆ ಆಕೆ ಆರು ವರ್ಷ ಆ ಪೇಟಿಯ ಧೂಳು ಒರೆಸಿದ್ದಾಳೆ, ನೀನೇ ಹೇಳಿದ್ದು. ಹೊರಡುವಾಗ ಕೌದಿಯನ್ನು ಆಕೆಯೇ ಸುತ್ತಿ ಕೊಟ್ಟಳಂತೆ. ಆ ಕೌದಿಯ ರೊಕ್ಕ ಯಾರು ಕೇಳಿದರು, ಯಾರು ಕೊಟ್ಟರು?

ನಾಡಿದ್ದು ಬೆಂಗಳೂರು ಬಸ್ಸಿಗೆ ಟಿಕೆಟ್ ಮಾಡಿಸಿದ್ದೀ. ನಾಳೆಯ ದಿನ ಖಾಲಿ ಇದೆ. ಬೆಳಿಗ್ಗೆ ಗುಡಿಗೆ ಹೋಗಿ ಬಂದು, ಸುರಪುರದ ಮೇಲೆ ಶಹಾಪುರದ ಬಸ್ಸು ಹಿಡಿ. ಪೇಟಿ ತೆಗೆದುಕೊಂಡು ಹೋಗು, ಕೌದಿ ಒಗೆದು ಮಡಿಚಿ ಕೊಡು, ಎರಡು ಸಾವಿರ ಅದರ ಮಡಿಕೆಯಲ್ಲಿಡು. ಆಕೆಯ ಪಡಸಾಲೆಯಲ್ಲಿ ಕೂತು, ಕರಿ ಎರಡರಲ್ಲಿ ಸಾ ಹಿಡಿದು, ಒಂದು ತತ್ವಪದ ಬಾರಿಸಿ ಬಾ. ಬೇಕಾದರೆ ನಾನೂ ಬರುತ್ತೇನೆ, ತಾಳ ಹಿಡಿಯಲು ಯಾರಾದರೂ ಬೇಕಲ್ಲ.