ಮೊದಲು ಈರುಳ್ಳಿ, ಆಮೇಲೆ ಕೋಳಿ

ಸಂತೆಯ ದಿನ ನಾವು ಕೋಳಿ ಮಾಂಸ ತರುತ್ತೇವೆ. ಸಾರು ಮಾಡುತ್ತೇವೆ. ಜೊತೆಗೆ ಹಸಿ ಈರುಳ್ಳಿ ಹೆಚ್ಚುತ್ತೇವೆ. ಮಾರನೇ ದಿನ ಮಗುವಿಗೆ ಹೊಟ್ಟೆನೋವು, ಭೇದಿ, ಜ್ವರ. ಯಾರದೋ ಕಣ್ಣು ಬಿತ್ತು ಅಂತೀವಿ. ಕಣ್ಣಲ್ಲ ಅಕ್ಕ, ಅದು ರೋಗಾಣು ಇರಬಹುದು.

ಫಾರಂ ಕೋಳಿಯಾಗಲಿ, ನಾಟಿ ಕೋಳಿಯಾಗಲಿ, ಅದರ ಕರುಳಿನಲ್ಲಿ ಸಾಲ್ಮೊನೆಲ್ಲ ಎಂಬ ರೋಗಾಣು ಇರಬಹುದು. ಅದು ಕಣ್ಣಿಗೆ ಕಾಣದು. ಕೋಳಿ ಕೊಯ್ಯುವಾಗ ಮಾಂಸಕ್ಕೆ ಅಂಟುತ್ತದೆ. ಸಂತೆಯಲ್ಲಿ ಒಂದೇ ಮರದ ತುಂಡು, ಒಂದೇ ಮಚ್ಚು, ಒಂದೇ ಬಕೆಟ್ ನೀರು. ಒಂದು ಕೋಳಿಯದು ಹತ್ತು ಕೋಳಿಗೆ ಹತ್ತುತ್ತದೆ. ಸೆಕೆಯಲ್ಲಿ ಮಾಂಸ ಇಟ್ಟರೆ 20 ನಿಮಿಷಕ್ಕೆ ಒಂದು ರೋಗಾಣು ಎರಡಾಗಬಲ್ಲದು. ಲೆಕ್ಕ ಹಾಕಿ. 3 ಗಂಟೆಗೆ ಒಂದು 512 ಆಯಿತು!

ಚೆನ್ನಾಗಿ ಬೇಯಿಸಿದರೆ ರೋಗಾಣು ಸಾಯುತ್ತದೆ. ಬಿಸಿ ಸಾರಿಗೆ ಭಯವಿಲ್ಲ. ಆದರೆ ಮಾಂಸ ಕೊಯ್ದ ಈಳಿಗೆಯಲ್ಲೇ ಈರುಳ್ಳಿ ಹೆಚ್ಚಿದರೆ? ಈರುಳ್ಳಿಯನ್ನು ನಾವು ಬೇಯಿಸುವುದಿಲ್ಲ. ರೋಗಾಣು ಸೀದಾ ಹೊಟ್ಟೆಗೆ ಹೋಗುತ್ತದೆ.

ನಾವೇನು ಮಾಡೋಣ?

ಕಣ್ಣೆದುರೇ ಕೊಯ್ಸಿ ತರೋಣ. ತಂದ ಕೂಡಲೇ ಬೇಯಿಸೋಣ.
ಈರುಳ್ಳಿ, ಸೌತೆಕಾಯಿ ಮೊದಲು ಹೆಚ್ಚಿ ಮುಚ್ಚಿಡೋಣ. ಮಾಂಸ ಆಮೇಲೆ.
ಹಸಿ ಮಾಂಸದ ಮೇಲೆ ಜೋರಾಗಿ ನೀರು ಬಿಡುವುದು ಬೇಡ. ನೀರು ಸಿಡಿದು ರೋಗಾಣು ಸುತ್ತಲಿನ ಪಾತ್ರೆಗೂ ಅಂಟುತ್ತದೆ.
ಈಳಿಗೆ, ಪಾತ್ರೆ, ಕೈ ಎಲ್ಲ ಸೋಪು ಹಚ್ಚಿ ತೊಳೆಯೋಣ.
ದಪ್ಪ ತುಂಡಿನ ಒಳಗೂ ಹಸಿ ಉಳಿಯದಂತೆ ಬೇಯಿಸೋಣ.

ಮಗುವಿಗೆ ಭೇದಿ ಆದರೆ ಓಆರ್‌ಎಸ್ ನೀರು ಕುಡಿಸುತ್ತಲೇ ಇರೋಣ. ಭೇದಿಯಲ್ಲಿ ರಕ್ತ ಕಂಡರೆ, ಮಗು ಸುಸ್ತಾಗಿ ಮಲಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗೋಣ.

ಬರೆಯಿರಿ: ನಿಮ್ಮ ಮನೆಯಲ್ಲಿ ಮೊದಲು ಯಾವುದನ್ನು ಹೆಚ್ಚುತ್ತೀರಿ? ಇನ್ನು ಮೇಲೆ ಯಾವುದನ್ನು?